ಬಲಕ್ಕೆ ಬಿದ್ದ ಹೂ

ನಮ್ಮ ತಾತನ ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆಗೆ ಮತ್ತೆ ಅದೇ ಬಸ್ಸು ಬರುತ್ತಿದ್ದ ಕಾಲ ಅದು. ಮೊಬೈಲು ಇನ್ನೂ ಸಾಹುಕಾರರ ಅಂಗಿ ಜೇಬು ಬಿಟ್ಟು ಹೊರಗೆ ಬಂದಿರಲಿಲ್ಲ. ಎಮ್ಮೆ ಕೊಳ್ಳಬೇಕೋ ಬೇಡವೋ, ಮಗಳನ್ನು ಆ ಮನೆಗೆ ಕೊಡಬೇಕೋ ಬೇಡವೋ, ಬೋರು ಹಾಕಿಸಿದರೆ ನೀರು ಬೀಳುತ್ತದೋ ಇಲ್ಲವೋ, ಇಂಥದ್ದೆಲ್ಲ ತಿಳಿಯಬೇಕಾದರೆ ಊರವರು ಕಟ್ಟೆ ಬಸವಣ್ಣನ ಗುಡಿಗೆ ಬಂದು ಹೂ ಕೇಳುತ್ತಿದ್ದರು. ಹೂ ಕೇಳುವುದನ್ನು ನೀವೂ ನಿಮ್ಮ ಊರುಗಳಲ್ಲಿ ನೋಡಿರುತ್ತೀರಿ. ಕಲ್ಲಿನ ಬಸವಣ್ಣನ ಎರಡೂ ಹೆಗಲಿಗೆ ಕಣಗಿಲೆ ಎಸಳನ್ನು ನೀರಿನಲ್ಲಿ ಅದ್ದಿ ಹಚ್ಚುವುದು, ಮನಸ್ಸಿನಲ್ಲಿದ್ದುದನ್ನು ಕೇಳಿ ಕೈಮುಗಿದು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ಅಷ್ಟೇ. ಅದರ ಮೇಲೆ ಊರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆ ಗುಡಿಯ ಪೂಜೆ ನಮ್ಮ ತಾತನದು, ಅಂದರೆ ನಮ್ಮಪ್ಪನ ಅಪ್ಪನದು. ಊರೆಲ್ಲ ಅವನನ್ನು ‘ಅಯ್ನೋರು’ ಎನ್ನುತ್ತಿತ್ತು. ತಾತನದು ಹಚ್ಚೊಳ್ಳಿಯಿಂದ ಕಾಲುವೆ ದಂಡೆ ಹಿಡಿದು ಬಂದರೆ ಸಿಗುವ ಸಣ್ಣ ಊರು. ನಮ್ಮ ಮನೆ ಇದ್ದದ್ದು ಕುರುಗೋಡಿನಲ್ಲಿ. ಆ ಮಳೆಗಾಲ ನಮ್ಮವ್ವ ಬಸುರಿ, ಕಾಲು ಬಾತು ಹಾಸಿಗೆ ಹಿಡಿದಿದ್ದಳು. ನನ್ನನ್ನು ನೋಡಿಕೊಳ್ಳುವವರಿಲ್ಲದೆ ಅಪ್ಪ ತಾತನ ಮನೆಗೆ ತಂದು ಬಿಟ್ಟು, ಅಲ್ಲಿನ ಶಾಲೆಗೇ ಸೇರಿಸಿ ಹೋದ. ಮನೆಯಲ್ಲಿ ಇದ್ದದ್ದು ಇಬ್ಬರೇ, ತಾತ ಮತ್ತು ಅವನ ಕಡೇ ಮಗಳು ಪಾರ್ವತಿ, ನನ್ನ ಪಾರತ್ತೆ. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು.

ನನಗೆ ಆಗಲೇ ‘ಸಂಶಯವ್ವ’ ಎಂಬ ಹೆಸರು ಬಿದ್ದಾಗಿತ್ತು. ಹಾಲಿನವಳು ಕ್ಯಾನು ತೆರೆದರೆ ನಾನು ಮೂಗು ತೂರಿಸಿ ನೋಡುತ್ತಿದ್ದೆ. ಮಾವಿನಹಣ್ಣು ಕೊಟ್ಟರೆ ಹುಳ ಸಿಗುವವರೆಗೂ ಹುಡುಕುತ್ತಿದ್ದೆ. ನಿನಗೆ ತಮ್ಮ ಬರುತ್ತಾನೆ ಎಂದು ಯಾರಾದರೂ ಹೇಳಿದರೆ, ಹೇಳಿದವರ ಮುಖವನ್ನೇ ದಿಟ್ಟಿಸುತ್ತಿದ್ದೆ. “ಹುಟ್ಟಿದ ಕೂಡ್ಲೆ ಇದು ಅಳಲಿಲ್ಲ, ಸೂಲಗಿತ್ತಿ ಮಾರಿ ಸಂಶೇದಿಂದ ನೋಡ್ತು” ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ನಗಲಿ ಬಿಡಿ. ಹುಳ ಇದ್ದದ್ದಂತೂ ನಿಜ.

ಇಂಥ ನನ್ನನ್ನು ಹೂ ಕೇಳುವ ಗುಡಿಯಲ್ಲಿ ತಂದು ಬಿಟ್ಟರೆ ಏನಾಗಬೇಕು?

ಶ್ರಾವಣ ಹತ್ತಿರ ಬಂದಿತ್ತು. ಕಾಲುವೆಗೆ ನೀರು ಬಿಟ್ಟು ಊರ ಸುತ್ತ ಗದ್ದೆಯೆಲ್ಲ ಕೆಸರು. ನಾಟಿ ಹಚ್ಚುವ ಹೆಂಗಸರು ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡೇ ಗುಡಿಯ ಕಟ್ಟೆಗೆ ಬಂದು ಕೂರುತ್ತಿದ್ದರು. ಗುಡಿಯೊಳಗೆ ಎಣ್ಣೆ, ವಿಭೂತಿ, ಒದ್ದೆ ಕಲ್ಲು, ಬಾವಲಿ, ಎಲ್ಲ ಸೇರಿದ ಒಂದು ವಾಸನೆ. ಬೆಳಗಾದರೆ ಪಾರತ್ತೆ ಹಿತ್ತಲಿನ ಕಣಗಿಲೆ ಬಿಡಿಸಿ ತರುತ್ತಿದ್ದಳು. ತಾತ ಮೈಮೇಲೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲೇ ನಡುಗುತ್ತ ಪೂಜೆಗೆ ಕೂರುತ್ತಿದ್ದ. ಪೂಜೆ ಮುಗಿದ ಮೇಲೆ ನನಗೆ ಮಂಡಕ್ಕಿ ಉಗ್ಗಾಣಿ, ಜೊತೆಗೆ ಒಂದು ಮಿರ್ಚಿ ಬಜ್ಜಿ. ಮಿರ್ಚಿಯೊಳಗಿನ ಮೆಣಸಿನಕಾಯಿ ಖಾರ ಇಲ್ಲ ಎಂದು ಅತ್ತೆ ಎಷ್ಟು ಆಣೆ ಮಾಡಿದರೂ ನಾನು ಮೊದಲು ಬೆಕ್ಕಿಗೆ ಒಂದು ಚೂರು ಹಾಕಿ ನೋಡುತ್ತಿದ್ದೆ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇದು: ಬಂದವರಿಗೆಲ್ಲ ಬಲಕ್ಕೇ ಬೀಳುತ್ತಿತ್ತು. ಎಲ್ಲೋ ಅಪರೂಪಕ್ಕೆ, ಅಣ್ಣನ ಮೇಲೆ ಕೇಸು ಹಾಕಲೇನು ಎಂದು ಕೇಳಿದವನಿಗೆ, ಹಾಲು ಕೊಡುವ ಆಕಳನ್ನು ಮಾರಲೇನು ಎಂದವನಿಗೆ ಎಡಕ್ಕೆ ಬೀಳುತ್ತಿತ್ತು. ಉಳಿದವರೆಲ್ಲ ನಗುನಗುತ್ತ ಹೋಗುತ್ತಿದ್ದರು. ದೇವರು ಇಷ್ಟು ಒಳ್ಳೆಯವನಾಗಿದ್ದರೆ ನಮ್ಮವ್ವನ ಕಾಲು ಯಾಕೆ ಬಾತಿತ್ತು ಎಂದು ನಾನು ಯೋಚಿಸಿದೆ. ಯೋಚಿಸಿ ಸುಮ್ಮನೆ ಕೂರುವ ಜಾತಿಯಲ್ಲವಲ್ಲ, ಪರೀಕ್ಷೆಗೆ ಇಳಿದೆ.

ಪಕ್ಕದ ಮನೆಯ ಹುಸೇನಣ್ಣನ ಮಗಳು ರೇಷ್ಮಾ ನನ್ನ ಜೊತೆಗಾತಿ. ನಾವಿಬ್ಬರೂ ಒಳಕಲ್ಲಿನ ಗುಂಡನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋಗಿ ಅದಕ್ಕೆ ಹೂ ಹಚ್ಚಿ ಕೇಳುವ ಆಟ ಹೂಡಿದೆವು. “ಗುಂಡಪ್ಪ ಗುಂಡಪ್ಪ, ನಾಳಿ ಮಾಸ್ತರಗ ಜ್ವರ ಬರ್ತತೇನಪ್ಪ?” ಒಮ್ಮೆ ಬಲಕ್ಕೆ ಬೀಳುತ್ತಿತ್ತು, ಒಮ್ಮೆ ಎಡಕ್ಕೆ. ಮಾಸ್ತರರಿಗೆ ಜ್ವರವೇನೂ ಬರಲಿಲ್ಲ. ಆದರೆ ಹಚ್ಚಿ ಹಚ್ಚಿ ನನಗೆ ಒಂದು ಮಾತು ತಿಳಿಯಿತು. ಹೆಬ್ಬೆರಳಿನಿಂದ ಒತ್ತಿ ಹಚ್ಚಿದ ಎಸಳು ಬೀಳುವುದು ತಡ. ಬರೀ ತಾಗಿಸಿ ಬಿಟ್ಟದ್ದು ಬೇಗ ಬೀಳುತ್ತದೆ. ಅದೂ ಬೀಳದಿದ್ದರೆ ಮೇಲಿನಿಂದ ಒಂದು ಹನಿ ನೀರು ಬಿಟ್ಟರೆ ಸಾಕು, ಜಾರಿಕೊಂಡು ಬರುತ್ತದೆ.

ಮರುದಿನ ಗುಡಿಯಲ್ಲಿ ನಾನು ದೇವರನ್ನು ನೋಡಲಿಲ್ಲ, ತಾತನ ಹೆಬ್ಬೆರಳನ್ನು ನೋಡಿದೆ. ಎಡಗಡೆ ಒತ್ತಿದ. ಬಲಗಡೆ ತಾಗಿಸಿದ. ಅಯ್ಯೋ ಕಳ್ಳ ತಾತಾ ಎಂದುಕೊಂಡೆ. ಆವತ್ತು ಮಗನನ್ನು ಸಿರುಗುಪ್ಪದ ಹಾಸ್ಟೆಲ್ಲಿಗೆ ಬಿಡಲೋ ಬೇಡವೋ ಎಂದು ಕೇಳಲು ಬಂದ ಹೆಂಗಸು ಬಲಕ್ಕೆ ಬಿದ್ದ ಎಸಳನ್ನು ಸೆರಗಿಗೆ ಕಟ್ಟಿಕೊಂಡು, ಕಣ್ಣೊರೆಸಿಕೊಂಡು ಹೋದಳು.

ಅವಳು ಕಟ್ಟೆ ಇಳಿದದ್ದೇ ತಡ, ನಾನು ತಾತನ ಮುಂದೆ ನಿಂತೆ.

“ತಾತಾ, ಹೂ ಕೊಡೋದು ಬಸವಣ್ಣಲ್ಲ, ನೀನು. ನಾ ನೋಡೀನಿ.”

ತಾತ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಹೊರಗೆ ಯಾರಾದರೂ ಇದ್ದಾರೋ ಎಂದು ಇಣುಕಿ ನೋಡಿ, ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡ.

“ಏನು ನೋಡಿದೆಲೇ?”

“ಎಡಕ್ಕ ಒತ್ತಿದಿ. ಬಲಕ್ಕ ಒತ್ತಲಿಲ್ಲ.”

“ಭಾರಿ ಅದಿ ನೀನು” ಎಂದು ನಕ್ಕ. “ಅಕಿ ಆಗ್ಲೆ ಮಗನ ಟ್ರಂಕು ತುಂಬಿ ಇಟ್ಟು ಬಂದಾಳ. ಹೋಗೋದು ಖರೇವ. ಕೈಕಾಲಾಗ ಧೈರ್ಯ ಇಲ್ಲ, ಅಷ್ಟ. ಅವ್ರು ಧೈರ್ಯ ಕೇಳಾಕ ಬರ್ತಾರ. ದೇವ್ರ ಮುಂದ ಕುಂತು ಅಷ್ಟು ಕೊಡದಿದ್ರ ನಾ ಯಾಕ ಬೇಕು?”

“ದೇವ್ರಿಗೆ ಸಿಟ್ಟು ಬರಂಗಿಲ್ಲೇನು?”

“ಬಂದ್ರ ನನ್ನ ಮ್ಯಾಲ ಬರ್ತತಿ. ತಡಕೊಳ್ಳಾಕ ನಾ ಅದೀನಲ್ಲ.”

ನನಗೆ ಅದು ಸಮಾಧಾನ ತರಲಿಲ್ಲ. ಕಳ್ಳರೂ ಹೀಗೆಯೇ ಸವಿಯಾಗಿ ಮಾತಾಡುತ್ತಾರೆ ಎಂದು ನಮ್ಮವ್ವ ಹೇಳಿದ್ದಳು. “ನಮ್ಮ ಮನೀದು ಕೇಳಿದ್ರೂ ಹಂಗ ಮಾಡ್ತಿಯೇನು?” ಎಂದೆ.

ತಾತನ ನಗು ನಿಂತಿತು. “ಇಲ್ಲ. ನಮ್ಮ ಮನೀದು ನಾ ಮುಟ್ಟಂಗಿಲ್ಲ” ಎಂದ. ಬಸವಣ್ಣನ ಕಡೆ ತಿರುಗಿ, ನನಗಲ್ಲ ಎಂಬಂತೆ ಹೇಳಿದ. “ಒಮ್ಮೆ ಮುಟ್ಟಿದ್ದೆ. ನಿಮ್ಮಜ್ಜಿ ಜಡ್ಡಿಲೆ ಬಿದ್ದಾಗ, ಆರಾಮ ಆಗ್ತಾಳೇನಪ್ಪಾ ಅಂತ ಕೇಳಿ ನಾನ ಬಲಕ್ಕ ಬೀಳಿಸ್ಕೊಂಡೆ. ನಾ ಬೀಳಿಸಿದ್ದನ್ನ ನಾನ ನಂಬಿ ಕುಂತೆ. ಬಳ್ಳಾರಿಗೆ ಒಯ್ಯೋದು ತಡ ಆತು.”

ಅಜ್ಜಿಯ ಸಾವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಇಷ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ತಾತ ಎದ್ದು ದೀಪಕ್ಕೆ ಎಣ್ಣೆ ಹಾಕಲು ಹೋದ.

ಈಗ ಪಾರತ್ತೆಯ ವಿಷಯ. ಪಾರತ್ತೆಗೆ ಟೀಚರ್ ಆಗುವ ಹುಚ್ಚು. ಅಂತಿಂಥ ಹುಚ್ಚಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತವಳು ಅಡುಗೆ ಮನೆಯ ಬಾಗಿಲಿಗೆ ಕರಿ ಬಣ್ಣ ಹಚ್ಚಿ ಬೋರ್ಡು ಮಾಡಿಕೊಂಡಿದ್ದಳು. ರೊಟ್ಟಿ ಬಡಿಯುತ್ತ ನನಗೂ ರೇಷ್ಮಾಗೂ ಮಗ್ಗಿ ಹೇಳಿಸುತ್ತಿದ್ದಳು, ತಪ್ಪಿದರೆ ಹಿಟ್ಟಿನ ಕೈಯಲ್ಲೇ ತಲೆಗೆ ಒಂದು ಮೊಟಕು. ನಮ್ಮ ಕೂದಲಲ್ಲಿ ಸದಾ ಜೋಳದ ಹಿಟ್ಟು. ಹಿಂದಿನ ವರ್ಷ ಡಿ.ಎಡ್.ಗೆ ಅರ್ಜಿ ಹಾಕಿದ್ದಳು, ಸಿಕ್ಕಿರಲಿಲ್ಲ. ಈ ವರ್ಷ ಮತ್ತೆ ಹಾಕಿದ್ದಳು. ಬಟ್ಟೆ ಒಗೆಯುವಾಗ, ಒಲೆ ಊದುವಾಗ, ಅಕ್ಕಿ ಮುಗಿದಾಗ, ಏನಾದರೂ ಸರಿ, “ಬಸವಣ್ಣ ಅದಾನ ಬಿಡು” ಎನ್ನುವುದು ಅವಳ ರೂಢಿ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಬಸವಣ್ಣನ ಬಗ್ಗೆ ನನಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಹಾಗಂತ ತಿಳಿದುಕೊಂಡಿದ್ದೆ.

ಒಂದು ದಿನ ಸಿರುಗುಪ್ಪಕ್ಕೆ ಹೋಗಿದ್ದ ಹುಸೇನಣ್ಣ ಓಡಿಕೊಂಡು ಬಂದ. ಡಿ.ಎಡ್. ಪಟ್ಟಿಯಲ್ಲಿ ಪಾರತ್ತೆಯ ಹೆಸರು ಬಂದಿತ್ತು. ಬರುವ ಸೋಮವಾರ ಬಳ್ಳಾರಿಯಲ್ಲಿ ಸೀಟು ಹಂಚುತ್ತಾರೆ, ಹೆಸರು ಕರೆದಾಗ ಎದುರಿಗೆ ಇರಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. ಪಾರತ್ತೆ ನನ್ನ ಎರಡೂ ಕೈ ಹಿಡಿದು ಅಂಗಳದಲ್ಲಿ ಗರಗರ ತಿರುಗಿಸಿದಳು. ತಾತ ಮಾತ್ರ ಒಂದೇ ಮಾತು ಹೇಳಿದ. “ಹೊರಡೋ ಹೊತ್ತಿನಾಗ ಹೂ ಕೇಳೋಣವಾ.”

ಅದು ಆ ಮನೆಯ ಕಟ್ಟಳೆ. ದೂರದ ಕೆಲಸಕ್ಕೆ ಹೋಗುವವರು ಹೊರಡುವ ಗಳಿಗೆಯಲ್ಲೇ ಕೇಳಬೇಕು, ಹಿಂದಿನ ದಿನ ಕೇಳಿಟ್ಟುಕೊಳ್ಳುವ ಹಾಗಿಲ್ಲ. ಊರಿಗೆಲ್ಲ ಹೂ ಕೊಡುವ ಮನೆ, ತಾವೇ ಕೇಳದೆ ಹೊರಟರೆ ಊರು ಏನೆಂದೀತು?

ನಮ್ಮ ಮನೀದು ನಾ ಮುಟ್ಟಂಗಿಲ್ಲ ಎಂದಿದ್ದನಲ್ಲ ತಾತ. ಎಡಕ್ಕೆ ಬಿದ್ದರೆ? ಊರ ಮಂದಿಗೆಲ್ಲ ಬಲಕ್ಕೆ ಕೊಟ್ಟು ಸ್ವಂತ ಮಗಳಿಗೆ ಎಡಕ್ಕೆ ಕೊಡುವುದು ಯಾವ ಊರ ನ್ಯಾಯ? ಅವತ್ತೇ ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಪಕ್ಕ ಕೂತು ಗುಟ್ಟನ್ನೆಲ್ಲ ಒದರಿಬಿಟ್ಟೆ. ಹೆಬ್ಬೆರಳು, ಒತ್ತುವುದು, ನೀರಿನ ಹನಿ, ಎಲ್ಲ.

ಅವಳು ರೊಟ್ಟಿ ತಿರುವಿ ಹಾಕಿದಳು. “ಗೊತ್ತೈತಿ” ಎಂದಳು.

“ಗೊತ್ತೈತಿ?”

“ಸಣ್ಣಾಕಿ ಇದ್ದಾಗಿಂದ ಹೂ ಹರದು ಕೊಡಾಕಿ ನಾನು. ನನಗ ಗೊತ್ತಿರಂಗಿಲ್ಲೇನು ಹುಚ್ಚಿ?”

“ಮತ್ತ ತಾತಗ ಹೇಳು! ನಿನಗೂ ಹಂಗ ಹಚ್ಚು ಅನ್ನು!”

“ಅನ್ನಂಗಿಲ್ಲ.”

“ಯಾಕ?”

“ನಾ ಅಂದ್ರ ಅಪ್ಪ ಮಾಡಿಬಿಡ್ತಾನ. ಆಮ್ಯಾಲ ಏನಾರ ಹೆಚ್ಚುಕಮ್ಮಿ ಆದ್ರ, ಅವ್ವಂದು ಹೊತ್ಕೊಂಡಂಗ ನಂದೂ ಹೊತ್ಕೊಂಡು ತಿರಗ್ತಾನ.” ಒಲೆಯ ಬೆಂಕಿಯನ್ನು ಒಳಗೆ ತಳ್ಳುತ್ತ ಹೇಳಿದಳು. “ಬಸವಣ್ಣನ ಕೊಡ್ಲಿ. ಕೊಡ್ತಾನ ಬಿಡು.”

ಸೋಮವಾರ ಬೆಳಗಾಗುವಾಗ ಜಿಟಿಜಿಟಿ ಮಳೆ. ಪಾರತ್ತೆ ತಲೆಗೆ ಎರೆದುಕೊಂಡು, ಹಬ್ಬಕ್ಕೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು, ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಗುಡಿಗೆ ಬಂದಳು. ಅವಳ ಜೊತೆಗೆ ಹೋಗಲು ಹುಸೇನಣ್ಣ ಒಪ್ಪಿಕೊಂಡಿದ್ದ. ಅವನಿಗೂ ಬಳ್ಳಾರಿಯಲ್ಲಿ ಟ್ರ್ಯಾಕ್ಟರಿನ ಸಾಮಾನು ತರುವುದಿತ್ತು. ತಾತ ಎಸಳು ಅದ್ದಿದ. ನಾನು ಕಂಬಕ್ಕೆ ಒರಗಿ ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಎಡಕ್ಕೆ ತಾಗಿಸಿದ. ಬಲಕ್ಕೂ ತಾಗಿಸಿದ. ಎರಡೂ ಒಂದೇ ಥರ. ಆಮೇಲೆ ನೀರಿನ ತಂಬಿಗೆಯನ್ನು ದೂರ ಸರಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ.

ಕಾದೆವು. ಎಸಳು ಅಲುಗಲಿಲ್ಲ.

ಮಳೆಯ ಹವೆಗೆ ಕಲ್ಲೆಲ್ಲ ಬೆವತಂತಿತ್ತು. ಹಸಿ ಕಲ್ಲಿಗೆ ಹಸಿ ಎಸಳು, ಅಂಟಿಕೊಂಡು ಕೂತುಬಿಟ್ಟಿತ್ತು. ನನಗೆ ಅದು ಗೊತ್ತಿತ್ತು, ಒಳಕಲ್ಲಿನ ಗುಂಡು ಕಲಿಸಿತ್ತು. ತಾತನಿಗೆ ಗೊತ್ತಿರಲಿಲ್ಲವೇ? ಅಷ್ಟು ವರ್ಷ ಹೂ ಕೊಟ್ಟವನಿಗೆ?

ಕಾಲುವೆಯ ಸೇತುವೆ ಹತ್ತಿರ ಬಸ್ಸಿನ ಹಾರ್ನು ಕೇಳಿಸಿತು. ಹುಸೇನಣ್ಣ ಕಟ್ಟೆಯ ಕೆಳಗಿಂದ ಕೂಗಿದ. “ಅಯ್ನೋರ, ಬಸ್ಸು ಬಂತ್ರಿ! ಪಾರಕ್ಕನ ಕಳಸ್ರಿ!”

“ಇನ್ನಾ ಹೂ ಆಗಿಲ್ಲಪ್ಪಾ.”

“ಹಂಗಾರ ನಾ ಹೋಗಿ ನಿಲ್ಲಸ್ತೀನ್ರಿ” ಎಂದು ಅವನು ಓಡಿದ. ಅವನೂ ಬಸವಣ್ಣನ ಹೂವಿಲ್ಲದೆ ಹೊಸ ಟ್ರ್ಯಾಕ್ಟರು ಮನೆಗೆ ತಂದವನಲ್ಲ. ಹಾಗೇ ಬನ್ನಿ ಎನ್ನಲು ಅವನಿಗೂ ಬಾಯಿ ಬರಲಿಲ್ಲ.

ನಾನು ಅತ್ತೆಯನ್ನು ನೋಡಿದೆ. ಅವಳು ಎಸಳನ್ನು ನೋಡುತ್ತಿರಲಿಲ್ಲ, ತಾತನ ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ನೋಡುತ್ತಿದ್ದಳು. ಆ ಕೈಗಳು ಗಡಗಡ ನಡುಗುತ್ತಿದ್ದವು. ಒಂದು ಹನಿ ತಾತಾ, ಒಂದೇ ಒಂದು ಹನಿ, ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ ಅದೇ, ಅದೂ ದೇವರಿಗಲ್ಲ. ಹಾರ್ನು ಮತ್ತೆ ಕೇಳಿಸಿತು, ಈ ಸಲ ಸಿಟ್ಟಿನಿಂದ. ನನ್ನಿಂದ ತಡೆಯಲಾಗಲಿಲ್ಲ. ನಾನೂ ಬಸ್ಸಿನ ಕಡೆಗೆ ಓಡಿದೆ.

ಕಂಡಕ್ಟರ್ ಫುಟ್‌ಬೋರ್ಡ್ ಮೇಲೆ ನಿಂತು ಬೈಯುತ್ತಿದ್ದ. “ಎಷ್ಟೊತ್ತು ನಿಲ್ಲಸ್ಬೇಕ್ರಿ? ಇವ್ರೆಲ್ಲ ಕೆಲಸಕ್ಕ ಹೋಗೋರಲ್ಲೇನು?” ಹುಸೇನಣ್ಣ ಅವನ ಗದ್ದ ಹಿಡಿದು ಬೇಡುತ್ತಿದ್ದ. ನಾನು ಬಸ್ಸಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತೆ. ಡ್ರೈವರ್ ನಕ್ಕ, ಆಮೇಲೆ ನಗು ಬಿಟ್ಟ. ಯಾರೋ ನನ್ನನ್ನು ಎತ್ತಿ ದಂಡೆಗೆ ಇಟ್ಟರು. ಬಸ್ಸು ಕೆಸರು ಹಾರಿಸಿಕೊಂಡು ಹೋಯಿತು.

ಅದು ತಿರುವು ದಾಟಿ ಮರೆಯಾಗುತ್ತಿದ್ದಂತೆ ಗುಡಿಯ ಗಂಟೆ ಬಾರಿಸಿದ ಸದ್ದಾಯಿತು. ತಾತನ ದನಿ ಕೇಳಿಸಿತು. “ಬಲಕ್ಕ ಕೊಟ್ಟ! ಪಾರೀ, ಬಲಕ್ಕ ಕೊಟ್ಟವಾ!”

ಓಡಿ ಬಂದು ನೋಡಿದೆ. ಬಲಗಡೆಯ ಎಸಳು ಕೆಳಗೆ ಬಿದ್ದಿತ್ತು. ಬಸವಣ್ಣನ ಬಲ ಹೆಗಲಿನಿಂದ ಕೆಳಗಿನವರೆಗೂ ನೀರು ಇಳಿದ ಗೆರೆ. ತಕ್ಷಣ ತಂಬಿಗೆಯತ್ತ ನೋಡಿದೆ, ಸರಿಸಿಟ್ಟ ಜಾಗದಲ್ಲೇ ಇದ್ದ ಹಾಗಿತ್ತು. ಮೇಲೆ ನೋಡಿದೆ. ಗುಡಿಯ ಚಾವಣಿ ಎಲ್ಲೆಲ್ಲೋ ಸೋರುತ್ತಿತ್ತು. ತಾತನ ಬೆರಳು ಒದ್ದೆಯಾಗಿತ್ತು. ಆದರೆ ಅವನು ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದ. ಯಾವುದನ್ನು ನಂಬುವುದು?

ಮಾತಾಡಲು ಹೊತ್ತಿರಲಿಲ್ಲ. ಹುಸೇನಣ್ಣ ಟ್ರ್ಯಾಕ್ಟರು ಶುರು ಮಾಡಿದ. ಪಾರತ್ತೆ ಹಸಿರು ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ಮಡ್‌ಗಾರ್ಡಿನ ಮೇಲೆ ಕೂತಳು. ಮಳೆಯಲ್ಲಿ ಆ ದಾರಿ ಬಳ್ಳಾರಿ ಬಸ್ಸು ಸಿಗುವ ಸಿರುಗುಪ್ಪ ಮುಟ್ಟಿಸುವುದೆಂದರೆ ಏನು ಎಂದು ಆ ಸೀಮೆಯ ಎರೆ ಮಣ್ಣು ತುಳಿದವರಿಗೆ ಹೇಳಬೇಕಾಗಿಲ್ಲ. ನಾನೂ ತಾತನೂ ದಿನವೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತಿದ್ದೆವು. ಅವನು ನನ್ನ ಮುಖ ನೋಡಲಿಲ್ಲ.

ಸಂಜೆ ಬಸ್ಸಿಗೆ ಪಾರತ್ತೆ ಇಳಿದಳು. ಸೀರೆಯ ಅಂಚೆಲ್ಲ ಕರಿ ಕೆಸರು. “ಹೆಸರು ಕರದು ಮುಂದಕ್ಕ ಹೋಗಿಬಿಟ್ಟಿದ್ರು” ಎಂದಳು. ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಬಂದ ಹುಸೇನಣ್ಣ ತಲೆ ಕೆಳಗೆ ಹಾಕಿಕೊಂಡು ತನ್ನ ಮನೆಗೆ ಹೋದ. ತಾತ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಅತ್ತೆ ಸೀರೆ ಬದಲಿಸಿ, ಒಲೆ ಹಚ್ಚಿ, ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿಗೆ ಮೊಸರು ಹಾಕಿ ತಟ್ಟೆಯನ್ನು ಅವನ ಮುಂದೆ ಇಟ್ಟಳು.

“ಏಳಪ್ಪಾ, ಉಣ್ಣು.”

“ನನಗ ಬ್ಯಾಡ.”

“ಬಲಕ್ಕ ಬಿದ್ದೈತಲ್ಲ. ಮತ್ಯಾಕ ಚಿಂತಿ ಮಾಡ್ತಿ? ಆಗ್ತತಿ. ಇವತ್ತ ಆಗ್ತತಿ ಅಂತ ನಾ ಕೇಳಿದ್ನೇನು?”

ತಾತ ಅವಳ ಮುಖ ನೋಡಿ, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಗಂಡಸು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಸವಣ್ಣನೇ ಕೊಟ್ಟದ್ದಾದರೆ ಬಸ್ಸು ಹೋಗುವವರೆಗೂ ಯಾಕೆ ಕಾದ? ತಾತ ಕೊಟ್ಟದ್ದಾದರೆ, ಹೇಗಿದ್ದರೂ ಕೊಡುವವನು, ಸ್ವಲ್ಪ ಮೊದಲೇ ಯಾಕೆ ಕೊಡಲಿಲ್ಲ? ಯಾವ ಕಡೆಯಿಂದ ಎಣಿಸಿದರೂ ಅತ್ತೆಗೆ ಮೋಸವೇ ಆಗುತ್ತಿತ್ತು.

ಅದೇ ತಿಂಗಳು ನನಗೆ ತಮ್ಮ ಹುಟ್ಟಿದ. ಅಪ್ಪ ಬಂದು ಕುರುಗೋಡಿಗೆ ಕರೆದುಕೊಂಡು ಹೋದ. ಪಾರತ್ತೆ ಮರುವರ್ಷ ಅರ್ಜಿ ಹಾಕಿದಳು, ಹೆಸರು ಬರಲಿಲ್ಲ. ಅದರ ಮುಂದಿನ ವರ್ಷ ಮದುವೆಯಾಯಿತು. ತಾತ ಇರುವವರೆಗೂ ಊರವರಿಗೆ ಹೂ ಕೊಟ್ಟ, ಬಂದವರಿಗೆಲ್ಲ ಬಲಕ್ಕೇ ಕೊಟ್ಟ ಎಂದು ಕೇಳಿದ್ದೇನೆ. ಅವನನ್ನು ಆ ದಿನದ ಬಗ್ಗೆ ಕೇಳಬೇಕು ಎಂದುಕೊಳ್ಳುತ್ತಲೇ ನಾನು ದೊಡ್ಡವಳಾದೆ. ಕೇಳುವ ಮೊದಲೇ ಅವನು ಹೋಗಿಬಿಟ್ಟ.

ಈಗ ಪಾರತ್ತೆ ಬಳ್ಳಾರಿಯಲ್ಲಿದ್ದಾಳೆ. ಮಾಮ ಆಟೋ ಓಡಿಸುತ್ತಾನೆ, ಇವಳು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜೇಬು ಕೂರಿಸುತ್ತಾಳೆ. ಮೊಣಕಾಲು ನೋವು, ಬಾಡಿಗೆ ಮನೆಯ ಸೋರುವ ಸ್ಲ್ಯಾಬು, ಬೇಸಿಗೆಯಲ್ಲಿ ಬಾರದ ನಲ್ಲಿ ನೀರು, ಎಲ್ಲಕ್ಕೂ ಅವಳದೊಂದೇ ಮಾತು. “ಬಲಕ್ಕ ಬಿದ್ದೈತಲ್ಲ, ಆಗ್ತತಿ.” ಯೂನಿಟ್ಟಿನ ಹೆಂಗಸರು ಅವಳನ್ನು ‘ಬಲಕ್ಕ’ ಎಂದೇ ಕರೆದು ಕಾಡುತ್ತಾರೆ. ಅವಳೂ ಓ ಎನ್ನುತ್ತಾಳೆ. ನಾನಿರುವುದು ಅದೇ ಊರಿನ ಗಾಂಧಿನಗರದಲ್ಲಿ, ಒಳ್ಳೆಯ ಮನೆಯಲ್ಲಿ. ನನಗೆ ಬೇಕಾದ ಓದು ಸಿಕ್ಕಿತು, ಕೆಲಸವೂ ಸಿಕ್ಕಿತು. ಅವಳು ಆ ಮಾತು ಹೇಳಿದಾಗಲೆಲ್ಲ ನನಗೆ ತಾತನ ಒದ್ದೆ ಬೆರಳು ನೆನಪಾಗುತ್ತಿತ್ತು. ಇಡೀ ಬದುಕನ್ನು ಒಂದು ಹೂವಿನ ಎಸಳಿನ ಮೇಲೆ ನಿಲ್ಲಿಸಿಕೊಂಡಿದ್ದಾಳೆ, ಆ ಎಸಳು ಸುಳ್ಳಾಗಿದ್ದರೆ?

ಮೊನ್ನೆ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಕೇಳಿಯೇ ಬಿಟ್ಟೆ.

“ಅತ್ತಿ, ಅವತ್ತು ಹೂ ಬೀಳೋದು ನೀ ನೋಡ್ದೇನು?”

“ಇಲ್ಲ. ಕಣ್ಣು ಮುಚ್ಚಿದ್ದೆ.”

“ಬೇಡ್ಕೊಳ್ಳಾಕತ್ತಿದ್ದೇನು?”

“ಬೇಡ್ಕೊಳ್ಳೋದೆಲ್ಲ ಮೊದ್ಲ ಮುಗದಿತ್ತು.” ಕಾಳನ್ನು ಬುಟ್ಟಿಗೆ ಹಾಕಿ, ಸಿಪ್ಪೆಯನ್ನು ಆಚೆ ಎಸೆದಳು. “ನೀ ಬಸ್ಸಿಗೆ ಓಡಿಹೋದಿ. ಅಪ್ಪನ ಕೈ ನೋಡಾಕಾಗ್ತಿರಲಿಲ್ಲ, ಅಷ್ಟು ನಡಗಾಕತ್ತಿದ್ದವು. ನಾ ನೋಡ್ಕೋಂತ ಕುಂತ್ರ ಪಾಪ ಅಂವ ಏನು ಮಾಡಬೇಕು? ಅದಕ್ಕ ಮುಚ್ಚಿದೆ.”

ನಾನು ಸುಲಿಯುವುದನ್ನು ಬಿಟ್ಟೆ. “ಅಂದ್ರ ತಾತನ ಬೀಳಿಸಿದ್ದು! ನಿನಗ ಗೊತ್ತಿತ್ತು!”

“ನಾ ಎಲ್ಲಿ ಹಂಗಂದೆ? ಕಣ್ಣು ಮುಚ್ಚಿದ್ದೆ ಅಂದೆ. ಬಸವಣ್ಣ ಕೊಟ್ಟಾನೋ, ಅಪ್ಪ ಕೊಟ್ಟಾನೋ. ನನ್ನ ಸಲುವಾಗಿ ಇಬ್ಬರಾಗ ಒಬ್ಬರು ಕೊಟ್ಟಾರಲ್ಲ, ಇನ್ನೇನು ಬೇಕು ನನಗ?” ಎಂದು ನಕ್ಕಳು. “ನಿನ್ನ ಸಂಶೇ ಇನ್ನಾ ಸತ್ತಿಲ್ಲ ನೋಡು.”

ಸಂಜೆ ಮಾಮನ ಆಟೋ ಬಂತು, ಅವಳು ಹೋದಳು. ತಾತನ ಊರಿಗೆ ಈಗ ಸಾಲುಸಾಲು ಬಸ್ಸು. ಗುಡಿಗೆ ಟೈಲ್ಸ್ ಹಾಕಿದ್ದಾರೆ, ಚಾವಣಿ ಸೋರುವುದಿಲ್ಲ, ಹೂ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ನನಗೂ ಯಾರೂ ಕೊಡಬೇಕಾಗಿಲ್ಲ. ಬಾಗಿಲಿನ ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡುತ್ತೇನೆ, ಡಾಕ್ಟರು ಬರೆದ ಮಾತ್ರೆಯನ್ನು ಫೋನಿನಲ್ಲಿ ಹುಡುಕಿ ನೋಡಿಯೇ ನುಂಗುತ್ತೇನೆ, ಗಂಡ ತಡವಾಗಿ ಬಂದರೆ ಕಾರಣ ಕೇಳಿ, ಆ ಕಾರಣವನ್ನೂ ಬೇರೆಯವರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಅವತ್ತು ಪಾರತ್ತೆ ಕಣ್ಣು ಮುಚ್ಚಿ ಕೂತ ಹಾಗೆ ಕೂರಲು ನನಗೆ ಯಾರಿದ್ದಾರೆ ಎಂದು ಬಹಳ ಹೊತ್ತು ಯೋಚಿಸಿದೆ. ದೇವರನ್ನೂ ಸೇರಿಸಿಕೊಂಡೇ ಯೋಚಿಸಿದೆ. ಒಬ್ಬರ ಹೆಸರೂ ನೆನಪಿಗೆ ಬರಲಿಲ್ಲ.